‘ಅಪರೂಪದ ಲೈವ್ ರೆಕಾರ್ಡಿಂಗ್, ಬೇಗ ಫಾರ್ವರ್ಡ್ ಮಾಡಿ’: ಹಳೆಯ ಕಂಟ್ರಿ ಗಿಟಾರ್ ಟೇಪುಗಳ ಅಸಲಿ ಕಥೆ

ಇಂಥ ಒಂದು ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ನಾಲ್ಕು ನಿಮಿಷದ ಆಡಿಯೊ, ಅದರ ಕೆಳಗೆ ಹೀಗೆ: “1962ರ ಲೈವ್ ಕನ್ಸರ್ಟ್! ಜಿಮ್ ರೀವ್ಸ್ ಹಾಡು, ಚೆಟ್ ಅಟ್ಕಿನ್ಸ್ ಗಿಟಾರ್. ಜಗತ್ತಿನಲ್ಲಿ ಇದೊಂದೇ ಪ್ರತಿ. ಡಿಲೀಟ್ ಆಗುವ ಮೊದಲು ಎಲ್ಲರಿಗೂ ಕಳಿಸಿ.” ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಬೆಳೆದವರಿಗೆ ಈ ಎರಡು ಹೆಸರು ಕಂಡರೆ ಸಾಕು, ಬೆರಳು ತಾನಾಗಿಯೇ ಫಾರ್ವರ್ಡ್ ಬಾಣದ ಮೇಲೆ ಹೋಗುತ್ತದೆ. ಅಪ್ಪನ ರೇಡಿಯೊ, ಅಜ್ಜಿಯ ಮನೆಯ ರೆಕಾರ್ಡ್ ಪ್ಲೇಯರ್, ಚರ್ಚಿನ ಹಬ್ಬದ ಡ್ಯಾನ್ಸು ಎಲ್ಲ ಒಟ್ಟಿಗೆ ನೆನಪಾಗುತ್ತವೆ.

ಕಳಿಸುವ ಮುಂಚೆ ಸ್ವಲ್ಪ ನಿಲ್ಲಿ. ಆ ಎರಡು ಸಾಲಿನಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳಿವೆ. ಇದು ಜನರೆದುರು ನುಡಿಸಿದ್ದು. ಇದು 1962ರದ್ದು. ಇದು ಬೇರೆಲ್ಲೂ ಇಲ್ಲ. ಮೊದಲ ಎರಡನ್ನು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಸಾಕಷ್ಟು ಮಟ್ಟಿಗೆ ಪರೀಕ್ಷಿಸಬಹುದು. ಮೂರನೆಯದು ಹೆಚ್ಚಿನ ಸಲ ಸುಳ್ಳು. ಆದರೆ ಕೆಜಿಎಫ್‌ನ ಕೆಲವು ಮನೆಗಳಲ್ಲಿರುವ ಟೇಪುಗಳ ಮಟ್ಟಿಗೆ ಅದು ನಿಜ, ಮತ್ತು ಆ ಟೇಪುಗಳನ್ನು ಯಾರೂ ಫಾರ್ವರ್ಡ್ ಮಾಡುತ್ತಿಲ್ಲ.

ಚಿನ್ನದ ಗಣಿಗೂ ಕಂಟ್ರಿ ಹಾಡಿಗೂ ಏನು ನಂಟು?

ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ. ಪಿಟೀಲು, ಬ್ಯಾಂಜೊ, ಗಿಟಾರು, ಊರು ಬಿಟ್ಟವರ ದುಃಖ, ರೈಲು, ದೇವರು, ಕೈಕೊಟ್ಟ ಪ್ರೀತಿ. ಕೋಲಾರದ ಚಿನ್ನದ ಗಣಿಗಳನ್ನು 1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ವಹಿಸಿಕೊಂಡ ಮೇಲೆ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ತಮಿಳು ಮತ್ತು ತೆಲುಗು ಕಾರ್ಮಿಕರು ಬಂದು ನೆಲೆಸಿದರು. ಬೌರಿಂಗ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಭಾರತದ ಬಹುಪಾಲು ಊರುಗಳು ಇನ್ನೂ ಕಂದೀಲಿನ ಬೆಳಕಿನಲ್ಲಿದ್ದಾಗ ಇಲ್ಲಿ ಕರೆಂಟು ಇತ್ತು. ಕ್ಲಬ್ಬು, ಡ್ಯಾನ್ಸ್ ಹಾಲು, ಬ್ಯಾಂಡು ಎಲ್ಲ ಬೆಳೆದವು. ಆಮೇಲೆ ಶಾರ್ಟ್‌ವೇವ್ ರೇಡಿಯೊ ಬಂತು. ರೇಡಿಯೊ ಸಿಲೋನಿನ ಇಂಗ್ಲಿಷ್ ಹಾಡುಗಳು ದಕ್ಷಿಣ ಭಾರತದ ಮನೆಮನೆಗೆ ತಲುಪಿದವು.

ಭಾರತದಲ್ಲಿ, ಮುಖ್ಯವಾಗಿ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಕುಟುಂಬಗಳಲ್ಲಿ, ಜಿಮ್ ರೀವ್ಸ್ ಪಡೆದ ಪ್ರೀತಿಯನ್ನು ಬೇರೆ ಕಂಟ್ರಿ ಗಾಯಕರು ಪಡೆಯಲಿಲ್ಲ ಎಂದರೆ ತಪ್ಪಾಗದು. ಅವನ ರೆಕಾರ್ಡುಗಳ ಹಿಂದೆ ನಿಂತಿದ್ದ ಮನುಷ್ಯ ಚೆಟ್ ಅಟ್ಕಿನ್ಸ್ (1924–2001). ನ್ಯಾಶ್‌ವಿಲ್‌ನಲ್ಲಿ ಆರ್‌ಸಿಎ ಕಂಪನಿಯ ನಿರ್ಮಾಪಕ, ಜೊತೆಗೆ ಆ ಕಾಲದ ಅತ್ಯಂತ ಪ್ರಭಾವಿ ಕಂಟ್ರಿ ಗಿಟಾರ್ ವಾದಕ. ಅವನ ಹೆಬ್ಬೆರಳು ಕೆಳಸ್ಥಾಯಿಯ ತಂತಿಗಳ ಮೇಲೆ ತಾಳ ಹಿಡಿದರೆ ಉಳಿದ ಬೆರಳುಗಳು ಹಾಡಿನ ಧಾಟಿ ನುಡಿಸುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನಿಸುತ್ತದೆ.

ಈ ಶೈಲಿ ಅವನಿಗೆ ಬಂದದ್ದೂ ರೇಡಿಯೊದಿಂದಲೇ. ಮರ್ಲ್ ಟ್ರಾವಿಸ್ ಎಂಬ ವಾದಕ ಸಿನ್ಸಿನಾಟಿಯ ಡಬ್ಲ್ಯುಎಲ್‌ಡಬ್ಲ್ಯು ಕೇಂದ್ರದಲ್ಲಿ ನುಡಿಸುವುದನ್ನು ಚೆಟ್ ಹುಡುಗನಾಗಿದ್ದಾಗ ಕೇಳುತ್ತಿದ್ದ. ಟ್ರಾವಿಸ್ ಬಳಸುತ್ತಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ. ರೇಡಿಯೊದಲ್ಲಿ ಕೈ ಕಾಣುವುದಿಲ್ಲವಲ್ಲ, ಚೆಟ್ ಇನ್ನೂ ಹೆಚ್ಚು ಬೆರಳು ಬೇಕೆಂದುಕೊಂಡು ಹಾಗೆಯೇ ಕಲಿತ. ರೆಕಾರ್ಡಿಗೆ ಕಿವಿ ಕೊಟ್ಟು, ಮುಳ್ಳನ್ನು ಮತ್ತೆ ಮತ್ತೆ ಹಿಂದಿಟ್ಟು ಗಿಟಾರ್ ಕಲಿತ ಯಾರಿಗಾದರೂ ಇದು ಅರ್ಥವಾಗುತ್ತದೆ.

ಹಾಡನ್ನು ಹುಡುಕಬೇಡಿ, ರೆಕಾರ್ಡ್ ಮಾಡಿದವರನ್ನು ಹುಡುಕಿ

ಸ್ಟುಡಿಯೊ ರೆಕಾರ್ಡು ಮಾರಾಟಕ್ಕೆಂದೇ ತಯಾರಾಗುತ್ತದೆ, ಸಾವಿರಾರು ಪ್ರತಿಗಳಿರುತ್ತವೆ. ವೇದಿಕೆಯ ಕಾರ್ಯಕ್ರಮ ಹಾಗಲ್ಲ. ಅಂದು ಆ ಸಭಾಂಗಣದಲ್ಲಿ ಯಾರೋ ಒಬ್ಬರು ಯಂತ್ರ ಓಡಿಸಿರಬೇಕು, ಆ ಟೇಪನ್ನು ಯಾರೋ ಇಟ್ಟುಕೊಂಡಿರಬೇಕು, ಅದರ ಮೇಲೆ ಇನ್ನೊಂದನ್ನು ತುಂಬದೆ ಇದ್ದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಸಂಜೆ ಹೋಯಿತು. ಆದ್ದರಿಂದ ಹುಡುಕುವಾಗ ಹಾಡಿನ ಹೆಸರು ಹಾಕಿದರೆ ಸ್ಟುಡಿಯೊ ಆವೃತ್ತಿಯೇ ನೂರು ಸಲ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಅಂದು ಬಟನ್ ಒತ್ತಿದವರು ಯಾರು?

ಚೆಟ್ ಮತ್ತು ರೀವ್ಸ್ ವಿಷಯದಲ್ಲಿ ಉತ್ತರಗಳು ಚೆನ್ನಾಗಿ ಗೊತ್ತಿವೆ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಸಾಪ್ತಾಹಿಕ ಕಾರ್ಯಕ್ರಮ 1925ರಿಂದ ಡಬ್ಲ್ಯುಎಸ್‌ಎಂ ರೇಡಿಯೊದಲ್ಲಿ ಬರುತ್ತಿದೆ. ಅದರ ಭಾಗಗಳನ್ನು ಅಮೆರಿಕದ ಸೇನಾ ರೇಡಿಯೊ ವಿಭಾಗ 16 ಇಂಚಿನ ದೊಡ್ಡ ತಟ್ಟೆಗಳಲ್ಲಿ ಹಾಕಿ ಜಗತ್ತಿನ ನಾನಾ ಕಡೆಯ ಸೈನಿಕ ನೆಲೆಗಳಿಗೆ ಕಳಿಸುತ್ತಿತ್ತು. ಪ್ರಸಾರ ಮುಗಿದ ಮೇಲೆ ಅವು ಉಳಿಯಬೇಕಾಗಿರಲಿಲ್ಲ. ಆದರೂ ಯಾರೋ ಮನೆಗೆ ಕೊಂಡೊಯ್ದ ಕೆಲವು ಉಳಿದವು. ಇಂದು ಕೇಳಸಿಗುವ ಎಷ್ಟೋ ಹಳೆಯ ಆಪ್ರಿ ಕಾರ್ಯಕ್ರಮಗಳ ಮೂಲ ಈ ತಟ್ಟೆಗಳು.

1964ರ ಏಪ್ರಿಲ್‌ನಲ್ಲಿ ರೀವ್ಸ್, ಚೆಟ್, ಬಾಬಿ ಬೇರ್ ಮತ್ತು ಅನಿತಾ ಕೆರ್ ಗಾಯಕ ತಂಡ ಯುರೋಪ್ ಪ್ರವಾಸ ಮಾಡಿದರು. ನಾರ್ವೆಯ ರಾಜಧಾನಿ ಓಸ್ಲೊದಲ್ಲಿ ನಡೆದ ಕಾರ್ಯಕ್ರಮವನ್ನು ಆ ದೇಶದ ಸಾರ್ವಜನಿಕ ಟಿವಿ ಎನ್‌ಆರ್‌ಕೆ ಚಿತ್ರೀಕರಿಸಿತು. ಮೂರು ತಿಂಗಳ ನಂತರ, ಜುಲೈ 31ರಂದು, ರೀವ್ಸ್ ತಾನೇ ಓಡಿಸುತ್ತಿದ್ದ ವಿಮಾನ ನ್ಯಾಶ್‌ವಿಲ್ ಬಳಿ ಬಿದ್ದು ತೀರಿಕೊಂಡ. ಹಾಗಾಗಿ ಅವನನ್ನು ವೇದಿಕೆಯ ಮೇಲೆ ನೋಡಬೇಕೆನ್ನುವವರಿಗೆ ಓಸ್ಲೊದ ಚಿತ್ರ ಅಮೂಲ್ಯ. ಗಮನಿಸಿ: ಅಮೆರಿಕದ ಗಾಯಕನ ಕಾರ್ಯಕ್ರಮ ಉಳಿದದ್ದು ನಾರ್ವೆಯಲ್ಲಿ. 1962ರಲ್ಲಿ ರೀವ್ಸ್, ಚೆಟ್ ಮತ್ತು ಪಿಯಾನೊ ವಾದಕ ಫ್ಲಾಯ್ಡ್ ಕ್ರೇಮರ್ ದಕ್ಷಿಣ ಆಫ್ರಿಕಕ್ಕೂ ಹೋಗಿದ್ದರು. ಅಂದರೆ ಮೇಲಿನ ಫಾರ್ವರ್ಡಿನಲ್ಲಿರುವ ವರ್ಷ ಅಸಾಧ್ಯವೇನಲ್ಲ. ಅಸಾಧ್ಯವಲ್ಲ ಅಂದಮಾತ್ರಕ್ಕೆ ನಿಜವೂ ಅಲ್ಲ.

ಇನ್ನೊಂದು ವಿಚಿತ್ರ ಪ್ರಸಂಗ. 1960ರ ಜುಲೈನಲ್ಲಿ ಚೆಟ್ ಮತ್ತು ನ್ಯಾಶ್‌ವಿಲ್‌ನ ಕೆಲವು ಘಟಾನುಘಟಿ ವಾದಕರು ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಬೇಕಿತ್ತು. ಟಿಕೆಟ್ ಸಿಗದ ಗುಂಪು ಬೀದಿಯಲ್ಲಿ ಗಲಾಟೆ ಎಬ್ಬಿಸಿತು, ಉಳಿದ ಕಾರ್ಯಕ್ರಮಗಳು ರದ್ದಾದವು. ಹೇಗೂ ಬಂದಾಗಿದೆ ಎಂದು ಆರ್‌ಸಿಎ ತಂಡ ತಾವಿಳಿದುಕೊಂಡಿದ್ದ ಬಂಗಲೆಯ ಹಿಂಬದಿಯ ಜಗುಲಿಯಲ್ಲೇ ನುಡಿಸಿ ರೆಕಾರ್ಡ್ ಮಾಡಿತು. ‘ಆಫ್ಟರ್ ದ ರಯಟ್ ಅಟ್ ನ್ಯೂಪೋರ್ಟ್’ ಎಂಬ ಹೆಸರಿನಲ್ಲಿ ಅದು ಆಲ್ಬಮ್ ಆಗಿ ಬಂತು. ಉತ್ಸವದ ಹೆಸರಿದೆ, ಊರಿದೆ, ವರ್ಷವಿದೆ, ಆದರೆ ಉತ್ಸವದ ಕಾರ್ಯಕ್ರಮವಲ್ಲ! ಹೆಸರು ನೋಡಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಉಳಿದ ಮೂಲವೆಂದರೆ ಅಭಿಮಾನಿಗಳು. ಸಭೆಯಲ್ಲಿ ಕೂತು ಚಿಕ್ಕ ಯಂತ್ರದಲ್ಲಿ ಹಿಡಿದವರು, ರೇಡಿಯೊದ ಮುಂದೆ ಟೇಪ್ ರೆಕಾರ್ಡರ್ ಇಟ್ಟವರು. ಇಂಥವರು ತಮ್ಮತಮ್ಮಲ್ಲೇ ಪ್ರತಿ ಬದಲಾಯಿಸಿಕೊಳ್ಳುತ್ತಾರೆ. ಚೆಟ್ ಅಟ್ಕಿನ್ಸ್ ಅಪ್ರಿಸಿಯೇಷನ್ ಸೊಸೈಟಿ ಎಂಬ ಅಭಿಮಾನಿ ಸಂಘ ವರ್ಷಕ್ಕೊಮ್ಮೆ ನ್ಯಾಶ್‌ವಿಲ್‌ನಲ್ಲಿ ಸೇರುತ್ತಿತ್ತು. ಇಂಥ ಕೂಟಗಳಲ್ಲಿರುವವರಿಗೆ ಯಾವ ಟೇಪು ಎಲ್ಲಿಂದ ಬಂತು ಎಂಬುದು ಯಾವ ಸರ್ಚ್ ಎಂಜಿನ್‌ಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಫೋನಿನಲ್ಲೇ ಮಾಡಬಹುದಾದ ಪರೀಕ್ಷೆಗಳು

ಮೊದಲು ಶಝಾಮ್‌ನಂಥ ಆ್ಯಪ್‌ಗೆ ಆಡಿಯೊ ಕೇಳಿಸಿ. ಈ ಆ್ಯಪ್ ಹಾಡನ್ನು ನಾವು ಗುರುತಿಸುವ ಹಾಗೆ ಗುರುತಿಸುವುದಿಲ್ಲ. ಧ್ವನಿಯಲ್ಲಿ ಯಾವ ಕ್ಷಣಕ್ಕೆ ಯಾವ ಕಂಪನಾಂಕ ಜೋರಾಗಿದೆ ಎಂಬ ಚುಕ್ಕೆಗಳ ನಕ್ಷೆ ಮಾಡಿಕೊಂಡು, ತನ್ನ ಸಂಗ್ರಹದ ನಕ್ಷೆಗಳ ಜೊತೆ ಹೊಂದಿಸುತ್ತದೆ. ಬೆರಳಚ್ಚಿನಂತೆ. ಅದೇ ಕಲಾವಿದ ಅದೇ ಹಾಡನ್ನು ವೇದಿಕೆಯಲ್ಲಿ ಮತ್ತೆ ನುಡಿಸಿದರೆ ಕಾಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಬೆರಳಚ್ಚು ಹೊಂದುವುದಿಲ್ಲ. ಹಾಗಾಗಿ “1962ರ ಲೈವ್” ಎಂದು ಬಂದದ್ದಕ್ಕೆ ಆ್ಯಪ್ ಒಂದು ಸ್ಟುಡಿಯೊ ಆಲ್ಬಮ್‌ನ ಹೆಸರು ಹೇಳಿದರೆ ಬಹುತೇಕ ತೀರ್ಮಾನವಾದಂತೆ: ಸ್ಟುಡಿಯೊ ಹಾಡಿಗೆ ಚಪ್ಪಾಳೆ ಅಂಟಿಸಿದ್ದಾರೆ. ಏನೂ ಹೇಳದಿದ್ದರೆ? ಅದು ಲೈವ್ ಎಂದು ಸಾಬೀತಾಗುವುದಿಲ್ಲ. ವೇಗ ಸ್ವಲ್ಪ ಬದಲಾಯಿಸಿದರೂ ಆ್ಯಪ್ ಸೋಲಬಹುದು.

ಚಪ್ಪಾಳೆಯನ್ನೇ ಕೇಳಿ. ನಿಜವಾದ ಸಭೆಯಲ್ಲಿ ಕೊನೆಯ ತಂತಿಯ ನಾದ ಆರುವ ಮೊದಲೇ ಯಾರೋ ಒಬ್ಬರು ಶುರು ಮಾಡಿಬಿಡುತ್ತಾರೆ. ಕೆಮ್ಮು, ಕುರ್ಚಿ ಎಳೆದ ಸದ್ದು, ಶ್ರುತಿ ಸರಿಮಾಡಿಕೊಳ್ಳುವ ಟಿಂಗ್ ಟಿಂಗ್ ಎಲ್ಲ ಇರುತ್ತದೆ. ಅಂಟಿಸಿದ ಚಪ್ಪಾಳೆ ಬಾಗಿಲು ತೆರೆದಂತೆ ಒಮ್ಮೆಲೇ ಬಂದು ಒಮ್ಮೆಲೇ ಹೋಗುತ್ತದೆ. ಎರಡು ಹಾಡಿನ ನಂತರ ಅದೇ ಶಿಳ್ಳೆ ಅದೇ ಜಾಗದಲ್ಲಿ ಕೇಳಿದರೆ ನಿಮಗೇ ನಗು ಬರುತ್ತದೆ.

ಹಿನ್ನೆಲೆಯ ಗದ್ದಲವೂ ಮಾತಾಡುತ್ತದೆ. ಟೇಪು ಸ್‌ಸ್‌ಸ್ ಎನ್ನುತ್ತದೆ, ತಟ್ಟೆ ಟಪ್ ಟಪ್ ಎನ್ನುತ್ತದೆ. ಒಂದು ಟಪ್ ಸದ್ದು ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಅದು ಗೀರು ಬಿದ್ದ ಎಲ್‌ಪಿ. ನಿಮಿಷಕ್ಕೆ 33⅓ ಸುತ್ತು ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. 78 ಸುತ್ತಿನ ತಟ್ಟೆಯಾದರೆ ಮುಕ್ಕಾಲು ಸೆಕೆಂಡಿಗಿಂತ ಕೊಂಚ ಹೆಚ್ಚು. ಮೇಲೆ ಹೇಳಿದ ಸೇನಾ ರೇಡಿಯೊ ತಟ್ಟೆಗಳೂ ಇದ್ದವಲ್ಲ, ಹಾಗಾಗಿ ಟಪ್ ಸದ್ದು ಬಂದಮಾತ್ರಕ್ಕೆ ಲೈವ್ ಅಲ್ಲ ಎನ್ನುವಂತಿಲ್ಲ. ಆದರೆ “ಸಭೆಯಲ್ಲಿ ಕೂತು ಟೇಪಿನಲ್ಲಿ ಹಿಡಿದದ್ದು” ಎಂಬ ಕಥೆಗೆ ಅದು ಹೊಂದುವುದಿಲ್ಲ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಕರೆಂಟಿನ ಗುಂಯ್‌ಗುಟ್ಟುವಿಕೆ. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಮನೆ ಕರೆಂಟಿನ ಕಂಪನ ಸಣ್ಣಗೆ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್. ಭಾರತ, ನಾರ್ವೆ, ದಕ್ಷಿಣ ಆಫ್ರಿಕಗಳಲ್ಲಿ 50. ಫೋನಿನ ಸ್ಪೀಕರಿನಲ್ಲಿ ಇಷ್ಟು ಕೆಳಗಿನ ಧ್ವನಿ ಕೇಳಿಸುವುದಿಲ್ಲ. ಆದರೆ ಧ್ವನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಆ್ಯಪ್‌ನಲ್ಲಿ, ಅಥವಾ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಫೈಲ್ ತೆರೆದರೆ ತಳದಲ್ಲಿ ಒಂದು ನೇರ ಗೆರೆ ಕಾಣುತ್ತದೆ. ಜೊತೆಗೆ ಅದರ ಎರಡರಷ್ಟು, ಅಂದರೆ 100 ಅಥವಾ 120ರಲ್ಲಿ, ಇನ್ನೊಂದು. ಗೆರೆ 63ರಲ್ಲಿದ್ದರೆ? 60ರ ಕರೆಂಟಿನ ಟೇಪನ್ನು ಯಾರೋ ಶೇಕಡಾ 5ರಷ್ಟು ವೇಗವಾಗಿ ಓಡಿಸಿ ಪ್ರತಿ ಮಾಡಿದ್ದಾರೆ ಎಂಬ ಊಹೆ ಮೊದಲು ಬರುತ್ತದೆ. ಶೇಕಡಾ 6ರ ಹತ್ತಿರ ಹೋದರೆ ಇಡೀ ಹಾಡು ಅರ್ಧ ಸ್ವರ ಮೇಲೇರಿರುತ್ತದೆ. ಜೊತೆಗೆ ಗಿಟಾರ್ ನುಡಿಸಲು ಕೂತವರಿಗೆ “ಇದೇಕೋ ಶ್ರುತಿ ಸೇರುತ್ತಿಲ್ಲ” ಅನಿಸುವುದು ಎಷ್ಟೋ ಸಲ ಇದರಿಂದಲೇ. ಪ್ರತಿ ಮಾಡಿದ ಯಂತ್ರದ ಗುಂಯ್ ಕೂಡ ಸೇರಿಕೊಳ್ಳುತ್ತದೆ ಎಂಬುದು ನೆನಪಿರಲಿ. ಅಮೆರಿಕದ ಟೇಪನ್ನು ಬೆಂಗಳೂರಿನಲ್ಲಿ ಪ್ರತಿ ಮಾಡಿದ್ದರೆ ಎರಡೂ ಗೆರೆ ಕಾಣಬಹುದು.

ಕಾಲಕ್ಕೆ ಬಂದರೆ ನಿಯಮ ಸರಳ. ಟೇಪಿನಲ್ಲಿರುವ ಅತಿ ಹೊಸ ಹಾಡಿಗಿಂತ ಟೇಪು ಹಳೆಯದಾಗಿರಲಾರದು. ರೀವ್ಸ್‌ನ ಅತಿ ದೊಡ್ಡ ಹಿಟ್ ‘ಹಿ’ಲ್ ಹ್ಯಾವ್ ಟು ಗೋ’ ಹೊರಬಂದದ್ದು 1959ರ ಕೊನೆಯಲ್ಲಿ. “1957ರ ಕಾರ್ಯಕ್ರಮ” ಎಂಬ ಟೇಪಿನಲ್ಲಿ ಸಭಿಕರು ಆ ಹಾಡು ಬೇಕೆಂದು ಕೂಗುತ್ತಿದ್ದರೆ ಚೀಟಿ ತಪ್ಪು. ಹಾಗೆಯೇ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. “1960ರಲ್ಲಿ ರೆಕಾರ್ಡ್ ಮಾಡಿದ ಒರಿಜಿನಲ್ ಕ್ಯಾಸೆಟ್” ಎಂಬುದು ಇರಲು ಸಾಧ್ಯವಿಲ್ಲ, ಹೆಚ್ಚೆಂದರೆ ಅದು ಪ್ರತಿ.

ಎಐ ಬರುವ ಮೊದಲೂ ಇತ್ತು

ಈಗ ಒಂದೆರಡು ಸಾಲು ಬರೆದುಕೊಟ್ಟರೆ ಇಡೀ ಹಾಡನ್ನೇ ಹೊಸೆದುಕೊಡುವ ಆ್ಯಪ್‌ಗಳಿವೆ. ಹಳೆಯ ರೆಕಾರ್ಡಿನ ಟಪ್ ಟಪ್, ಸಭೆಯ ಗದ್ದಲವನ್ನೂ ಸೇರಿಸಿಕೊಡುತ್ತವೆ. ಕಿವಿಯಿಂದ ಮಾತ್ರ ಇದನ್ನು ಹಿಡಿಯುತ್ತೇನೆ ಎನ್ನುವುದು ದಿನದಿನಕ್ಕೆ ಕಷ್ಟವಾಗುತ್ತಿದೆ. ಆದರೆ ಎಂದೂ ನಡೆಯದ ಹಾಡುಗಾರಿಕೆಯನ್ನು ತಯಾರಿಸುವುದು ಹೊಸದೇನಲ್ಲ. ರೀವ್ಸ್ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಕಚ್ಚಾ ಟೇಪುಗಳಿಗೆ ಹೊಸ ವಾದ್ಯಗಳನ್ನು ಸೇರಿಸಿ ವರ್ಷಗಟ್ಟಲೆ ಹೊಸ ರೆಕಾರ್ಡುಗಳನ್ನು ತರಲಾಯಿತು. 1981ರಲ್ಲಂತೂ ರೀವ್ಸ್ ಮತ್ತು ಪ್ಯಾಟ್ಸಿ ಕ್ಲೈನ್ ಜೋಡಿಯಾಗಿ ಹಾಡಿದ ರೆಕಾರ್ಡೇ ಬಂತು. ಕ್ಲೈನ್ 1963ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡವಳು, ರೀವ್ಸ್ ಮರುವರ್ಷ ಹೋದವನು. ಇಬ್ಬರೂ ಜೊತೆಗೆ ಹಾಡಿರಲೇ ಇಲ್ಲ. ಬೇರೆ ಬೇರೆ ಟೇಪುಗಳಿಂದ ಅವರ ಕಂಠಗಳನ್ನು ಬಿಡಿಸಿ ಜೋಡಿಸಿದ್ದರು. ಕಂಪನಿ ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೆ “ಇಬ್ಬರೂ ವೇದಿಕೆಯಲ್ಲಿ ಹಾಡಿದ ಅಪರೂಪದ ಕ್ಷಣ” ಎಂಬ ಶೀರ್ಷಿಕೆಯೊಂದಿಗೆ ನಿಮಗೆ ಬಂದರೆ ಉತ್ತರ ಈಗ ನಿಮ್ಮಲ್ಲಿದೆ.

ಹೀಗಾಗಿ ಕೊನೆಗೂ ಗಟ್ಟಿಯಾದ ಪರೀಕ್ಷೆ ಒಂದೇ: ಇದು ಎಲ್ಲಿಂದ ಬಂತು? ಊರು, ದಿನಾಂಕ, ರೆಕಾರ್ಡ್ ಮಾಡಿದವರು, ಇಟ್ಟುಕೊಂಡವರು. ಈ ನಾಲ್ಕರಲ್ಲಿ ಒಂದನ್ನೂ ಹೇಳದ ಫೈಲನ್ನು ಕೇಳಿ ಆನಂದಿಸಿ, ದಾಖಲೆ ಎಂದು ಕರೆಯಬೇಡಿ. ಹುಡುಕುವಾಗಲೂ ಇವನ್ನೇ ಬಳಸಿ. ಚೆಟ್ ಹೆಸರಿನ ಜೊತೆ ಊರು, ವರ್ಷ, ಜೊತೆಗಿದ್ದ ವಾದಕರ ಹೆಸರು ಹಾಕಿ. ಯುರೋಪಿನ ಕಾರ್ಯಕ್ರಮವಾದರೆ ಆ ದೇಶದ ಪ್ರಸಾರ ಸಂಸ್ಥೆಯ ಸಂಗ್ರಹವನ್ನು ನೋಡಿ. ಯಾವ ರೆಕಾರ್ಡು ಯಾವಾಗ ಎಲ್ಲಿ ಬಿಡುಗಡೆಯಾಯಿತು ಎಂಬುದಕ್ಕೆ ಡಿಸ್ಕಾಗ್ಸ್ ಇದೆ. ಹಳೆಯ ರೇಡಿಯೊ ಕಾರ್ಯಕ್ರಮಗಳಿಗೆ ಇಂಟರ್ನೆಟ್ ಆರ್ಕೈವ್ ಇದೆ. ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ದೊಡ್ಡ ಗ್ರಂಥಾಲಯವೂ ಧ್ವನಿ ಸಂಗ್ರಹವೂ ಇವೆ. ಎಲ್ಲವೂ ಯೂಟ್ಯೂಬ್‌ನಲ್ಲಿದೆ ಎಂಬುದು ನಮ್ಮ ಕಾಲದ ದೊಡ್ಡ ಮೂಢನಂಬಿಕೆ. ಬಿಬಿಸಿಯಂಥ ಸಂಸ್ಥೆಯೇ 1960 ಮತ್ತು 70ರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿತು. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಮೂಲ ಸಂಗೀತ ಟೇಪುಗಳ ದೊಡ್ಡ ರಾಶಿಯೇ ಸುಟ್ಟುಹೋದದ್ದು ಜಗತ್ತಿಗೆ ವಿವರವಾಗಿ ತಿಳಿದದ್ದು 2019ರಲ್ಲಿ.

ಬೀರುವಿನ ಮೇಲಿನ ಡಬ್ಬ

ಚೆಟ್‌ನ ಟೇಪುಗಳನ್ನು ಕಾಯಲು ನ್ಯಾಶ್‌ವಿಲ್‌ನಲ್ಲಿ ಕಟ್ಟಡವಿದೆ, ಜನರಿದ್ದಾರೆ. ಕೆಜಿಎಫ್‌ನಲ್ಲಿ ಚೆಟ್‌ನಂತೆ ನುಡಿಸಲು ಕಲಿತವರ ಟೇಪುಗಳಿಗೆ ಯಾರಿದ್ದಾರೆ? ಕ್ರಿಸ್‌ಮಸ್ ಡ್ಯಾನ್ಸು, ಮದುವೆ, ಕ್ಲಬ್ಬಿನ ಸಂಜೆ, ಗಣಿ ಕಾಲೋನಿಯ ಕಾರ್ಯಕ್ರಮ ಇವನ್ನೆಲ್ಲ ಯಾರೋ ಒಬ್ಬರು ಸೋನಿಯೋ ನ್ಯಾಷನಲ್ಲೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರೆ ಅದರ ಪ್ರತಿ ಒಂದೇ. ಆರ್‌ಸಿಎ ಬಳಿ ಇಲ್ಲ, ಆಕಾಶವಾಣಿ ಬಳಿ ಇಲ್ಲ. “ಜಗತ್ತಿನಲ್ಲಿ ಇದೊಂದೇ ಪ್ರತಿ” ಎಂಬ ಮಾತು ನಿಜವಾಗುವುದು ಇಲ್ಲಿ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಕ್ಕೂ ಮೊದಲಿಂದಲೇ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯ, ಇಂಗ್ಲೆಂಡ್, ಕೆನಡಾ ಕಡೆ ಹೊರಟಿದ್ದವು. ಉಳಿದವರಲ್ಲಿ ಸಾವಿರಾರು ಜನ ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರಾದರು. ಮನೆ ಬದಲಾಯಿಸುವಾಗ ಮೊದಲು ಗುಜರಿಗೆ ಹೋಗುವುದು ಇಂಥ ಡಬ್ಬಗಳೇ. ಆದ್ದರಿಂದ ಚಾಂಪಿಯನ್ ರೀಫ್ಸ್‌ನ ಒಂದು ಸಂಜೆಯ ಟೇಪು ಇಂದು ಮೆಲ್ಬರ್ನಿನ ಯಾವುದೋ ಗ್ಯಾರೇಜಿನಲ್ಲಿರಬಹುದು. ಹುಡುಕಬೇಕಾದ ಜಾಗ ಹೊರದೇಶಕ್ಕೆ ಹೋದ ಕೆಜಿಎಫ್ ಕುಟುಂಬಗಳ ಫೇಸ್‌ಬುಕ್ ಮತ್ತು ವಾಟ್ಸ್ಆ್ಯಪ್ ಗುಂಪುಗಳು. ಅಲ್ಲಿ “ಅಪರೂಪದ ರೆಕಾರ್ಡಿಂಗ್ ಇದ್ದರೆ ಕಳಿಸಿ” ಎಂದರೆ ಯಾರೂ ಉತ್ತರಿಸುವುದಿಲ್ಲ. ವರ್ಷ, ಹಾಲಿನ ಹೆಸರು, ಬ್ಯಾಂಡಿನ ಹೆಸರು ಹಾಕಿ ಕೇಳಿ. ಹಳೆಯ ಒಂದು ಫೋಟೊ ಹಾಕಿದರೆ ಇನ್ನೂ ಒಳ್ಳೆಯದು, ಹಿಂದೆ ನಿಂತವರ ಹೆಸರು ಹೇಳಲು ಹತ್ತು ಜನ ಬರುತ್ತಾರೆ.

ಟೇಪು ಸಿಕ್ಕಿತು ಎನ್ನೋಣ. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ. ಸಂಗೀತ ಆ ಪುಡಿಯ ಕಾಂತತ್ವದಲ್ಲಿದೆ. ಶತ್ರುಗಳು ತೇವ, ಶಾಖ, ಧೂಳು. ಕರಾವಳಿಗೆ ಹೋಲಿಸಿದರೆ ಕೋಲಾರದ ಹವೆ ಒಣ, ಬೂಷ್ಟು ಕಡಿಮೆ, ಅದು ಒಳ್ಳೆಯದೇ. ಆದರೆ ಗಣಿ ಲೈನುಗಳ ತಗಡಿನ ಮಾಡಿನ ಕೆಳಗಿನ ಬೇಸಿಗೆ, ಗಾಳಿ ಎದ್ದಾಗ ಸೈನೈಡ್ ದಿಬ್ಬಗಳಿಂದ ಹಾರಿಬರುವ ನುಣ್ಣನೆಯ ಧೂಳು ಎರಡೂ ಟೇಪಿಗೆ ಕೆಟ್ಟವು. ಆ ಧೂಳು ಪುಡಿಮಾಡಿದ ಬಂಡೆ, ಟೇಪನ್ನೂ ಹೆಡ್ಡನ್ನೂ ಉಜ್ಜುತ್ತದೆ.

ಇದರ ಬಗ್ಗೆ ಓಡಾಡುವ ಸಲಹೆಗಳಲ್ಲಿ ಕೆಲವು ಅಪಾಯಕಾರಿ. “ಹಳೆಯ ಟೇಪನ್ನು ಓವನ್‌ನಲ್ಲಿಟ್ಟರೆ ಸರಿಹೋಗುತ್ತದೆ” ಎಂಬುದರ ಹಿಂದೆ ಅರ್ಧ ಸತ್ಯವಿದೆ. 1970ರ ದಶಕದ ನಂತರದ ಕೆಲವು ಸ್ಟುಡಿಯೊ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅವನ್ನು ತಜ್ಞರು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶಾಖ ಏರಿಳಿಯದಂತೆ, ಗಂಟೆಗಟ್ಟಲೆ ಒಣಗಿಸಿ ತಕ್ಷಣ ಪ್ರತಿ ತೆಗೆಯುತ್ತಾರೆ. ಅಡುಗೆಮನೆಯ ಓವನ್‌ಗೆ ಆ ನಿಖರತೆ ಇಲ್ಲ. ಮನೆಯ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಈ ರೋಗವೂ ಇಲ್ಲ. ಹಳೆಯ ಅಸಿಟೇಟ್ ಟೇಪನ್ನು, ಅಂದರೆ ಡಬ್ಬ ತೆರೆದರೆ ವಿನೆಗರ್ ವಾಸನೆ ಬರುವಂಥದನ್ನು, ಬಿಸಿ ಮಾಡಿದರೆ ಮುಗಿಯಿತು. ಬಿಸಿಲಿನಲ್ಲಿಡುವುದೂ ಬೇಡ, ಫ್ರಿಜ್ಜೂ ಬೇಡ. ಫ್ರಿಜ್ಜಿನಿಂದ ತೆಗೆದಾಗ ಅದರ ಮೇಲೆ ನೀರು ಕೂರುತ್ತದೆ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಟೇಪು ಅಳಿಸಿಹೋಗುತ್ತದೆ ಎಂಬುದು ಸುಳ್ಳು, ಎಕ್ಸ್‌ರೇ ಕಾಂತತ್ವವನ್ನು ಮುಟ್ಟುವುದಿಲ್ಲ. ದೊಡ್ಡ ಸ್ಪೀಕರಿನ ಪಕ್ಕ ಮಾತ್ರ ಇಡಬೇಡಿ, ಅದರೊಳಗೆ ಅಯಸ್ಕಾಂತವಿದೆ.

78 ಸುತ್ತಿನ ಹಳೆಯ ತಟ್ಟೆಗಳನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಒರೆಸಲೇಬೇಡಿ. ಅವು ಅರಗಿನವು. ನಮ್ಮದೇ ದೇಶದ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಅರಗು ಆಲ್ಕೊಹಾಲ್‌ನಲ್ಲಿ ಕರಗುತ್ತದೆ, ಹಾಡಿನ ಗೆರೆಗಳೂ ಅದರೊಂದಿಗೆ ಹೋಗುತ್ತವೆ.

ಕ್ಯಾಸೆಟ್ ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದನ್ನು ಹಾಕಿ ಕೇಳುವುದಲ್ಲ. ಹಿಂದಿನ ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಎಸಳುಗಳನ್ನು ಮುರಿಯಿರಿ. ಮುರಿದರೆ ತಪ್ಪಿ ಕೆಂಪು ಬಟನ್ ಒತ್ತಿದರೂ ಅದು ಅಳಿಸಿಹೋಗುವುದಿಲ್ಲ. ಆಮೇಲೆ ಒಳಗೆ ಟೇಪಿನ ಹಿಂದೆ ಪುಟ್ಟ ಮೆತ್ತನೆಯ ಪ್ಯಾಡ್ ಇದೆಯೇ ನೋಡಿ. ಹಳೆಯ ಕ್ಯಾಸೆಟ್ಟುಗಳಲ್ಲಿ ಅದು ಉದುರಿಹೋಗಿರುತ್ತದೆ, ಆಗ ಧ್ವನಿ ಮಂಕಾಗಿ ಕೇಳಿ “ಟೇಪು ಹಾಳಾಗಿದೆ” ಎಂದು ಎಸೆದುಬಿಡುತ್ತಾರೆ. ಟೇಪನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಕವಚಕ್ಕೆ ಬದಲಾಯಿಸಿದರೆ ಸಾಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್‌ಗಿಂತ ಸರ್ವಿಸ್ ಮಾಡಿಸಿದ ಹಳೆಯ ಡೆಕ್ ಎಷ್ಟೋ ಮೇಲು. ಒಂದು ಗಂಟೆಯ ಟೇಪು ಪ್ರತಿಯಾಗಲು ಒಂದು ಗಂಟೆಯೇ ಬೇಕು. ವೇವ್ ಫೈಲ್ ಆಗಿ ಇಟ್ಟರೆ ಸುಮಾರು 600 ಎಂಬಿ ಆಗುತ್ತದೆ.

ಆ ಮೂಲ ಫೈಲನ್ನು ಹಾಗೆಯೇ ಇಡಿ. ಸ್‌ಸ್ ಸದ್ದು ತೆಗೆಯುವುದು, ಚಂದ ಮಾಡುವುದು ಎಲ್ಲ ಇನ್ನೊಂದು ಪ್ರತಿಯಲ್ಲಿ. ಹಾಡುಗಳ ನಡುವೆ ನಿರೂಪಕ ಹೇಳುವ ಮಾತು, ಯಾರನ್ನೋ ಕರೆಯುವ ಕೂಗು, ಮಗು ಅಳುವುದು, ಇವನ್ನು ಕತ್ತರಿಸಬೇಡಿ. ಕಾರ್ಯಕ್ರಮದ ದಿನಾಂಕ ಗೊತ್ತಾಗುವುದು ಎಷ್ಟೋ ಸಲ ಅಲ್ಲಿಂದಲೇ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಯ್ಸ್ ನೋಟ್ ಮಾಡಬೇಡಿ. ಡಾಕ್ಯುಮೆಂಟ್ ಎಂದು ಆರಿಸಿ ಫೈಲನ್ನೇ ಕಳಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ.

ಹಳೆಯದು, ಹಾಗಾಗಿ ಯಾರು ಬೇಕಾದರೂ ಹಂಚಬಹುದೇ?

ಅಷ್ಟು ಸುಲಭವಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ. 1964ರಲ್ಲಿ ಪ್ರಕಟವಾದ ರೆಕಾರ್ಡಿನ ಹಕ್ಕು ಇಲ್ಲಿ 2024ರ ಕೊನೆಗೆ ಮುಗಿಯಿತು. ಆದರೆ ಆ ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡು 60 ವರ್ಷದವರೆಗೆ. ಅಮೆರಿಕದಲ್ಲಂತೂ 1957ರಿಂದ 1972ರ ಫೆಬ್ರುವರಿವರೆಗಿನ ಧ್ವನಿಮುದ್ರಣಗಳಿಗೆ 2067ರವರೆಗೆ ರಕ್ಷಣೆ ಇದೆ. ಹಾಗಾಗಿಯೇ ಇಲ್ಲಿಂದ ಏರಿಸಿದ ಹಾಡನ್ನು ಯೂಟ್ಯೂಬ್ ಇಳಿಸಿಬಿಡುವುದು. “ಡಿಲೀಟ್ ಆಗುವ ಮೊದಲು ಕಳಿಸಿ” ಎಂಬುದರಲ್ಲಿ ಯಾವ ಪಿತೂರಿಯೂ ಇಲ್ಲ.

ಊರಿನ ಬ್ಯಾಂಡಿನ ಟೇಪಿಗೆ ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ ಇದೆ. ನುಡಿಸಿದವರು ಅಥವಾ ಅವರ ಮಕ್ಕಳು ಇದ್ದಾರೆಯೇ ಎಂದು ವಿಚಾರಿಸಿ, ಕೇಳಿ ಹಾಕಿ. ಎಷ್ಟೋ ಸಲ ಅವರ ಬಳಿ ಅಪ್ಪನ ಧ್ವನಿಯೇ ಇರುವುದಿಲ್ಲ. ದೊಡ್ಡ ಸಂಗ್ರಹಕ್ಕೆ ಕೊಡುವ ಮನಸ್ಸಿದ್ದರೆ ಬೆಂಗಳೂರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ, ಗುರುಗ್ರಾಮದ ಜನಾಂಗ ಸಂಗೀತ ಸಂಶೋಧನಾ ಕೇಂದ್ರ ಎಆರ್‌ಸಿಇ, ಇಂಥ ಕಡೆ ಬರೆದು ಕೇಳಬಹುದು. ಕೊಡುವಾಗ ಕ್ಯಾಸೆಟ್ಟಿನ ಜೊತೆ ಅದರ ಕಾಗದದ ಚೀಟಿಯನ್ನೂ ಕೊಡಿ. ಯಾರೋ ಪೆನ್ಸಿಲಿನಲ್ಲಿ ಬರೆದ ಎರಡು ಹೆಸರು, ಒಂದು ತಾರೀಖು ಅದರ ಮೇಲಿರುತ್ತದೆ. ಕೊಡುವ ಮುಂಚೆ ಅದರದ್ದೊಂದು ಫೋಟೊ ತೆಗೆದುಕೊಳ್ಳಿ. ಪೆನ್ಸಿಲಿನ ಬರಹ ಟೇಪಿಗಿಂತ ಬೇಗ ಅಳಿಸಿಹೋಗಬಹುದು.